ಯಾರ ಕಾಲಿನ ಐದು ನಿಮಿಷ?

ಒಂದು ನಿಮಿಷ ಇರಿ. ಈ ಕಾಗದವನ್ನು ಮಡಚಿ ಜೇಬಿಗೆ ತುರುಕಬೇಡಿ, ಬಸ್ಸಿನ ಸೀಟು ಒರೆಸುವುದಕ್ಕೂ ಬಳಸಬೇಡಿ. ಮೊದಲು ಪೂರ್ತಿ ಕೇಳಿ. ನೀವು ಬಾಡಿಗೆ ಮನೆ ಹುಡುಕುತ್ತಿದ್ದರಂತೂ ಕೇಳಲೇಬೇಕು. ಹುಡುಕುತ್ತಿಲ್ಲವಾ? ಆದರೂ ಕೇಳಿ. ನಿಮ್ಮ ತಂಗಿಯೋ, ಭಾವನೋ, ಆಫೀಸಿನ ಪಕ್ಕದ ಸೀಟಿನವರೋ ಹುಡುಕುತ್ತಿರುತ್ತಾರೆ. ಇದು ನಮ್ಮ ಮನೆಯದೇ ಕಥೆ. ಇದರಲ್ಲಿ ಪೆದ್ದು ಕೆಲಸ ಮಾಡಿದವರೂ ನಾವೇ. ಹಾಗಾಗಿ ನಗು ಬಂದರೆ ಧಾರಾಳವಾಗಿ ನಗಿ.

ನಾವು ಮೂರೇ ಜನ. ಅಪ್ಪ, ಅಮ್ಮ, ನಾನು. ಮೆಟ್ರೊ ನಿಲ್ದಾಣದ ಕೆಳಗೆ ಸಾಲಾಗಿ ಅಂಗಡಿಗಳಿವೆಯಲ್ಲ, ಅದರಲ್ಲಿ ಕನ್ನಡಕದ ಅಂಗಡಿಯಲ್ಲಿ ನನ್ನ ಕೆಲಸ. ಗಾಜು ಉಜ್ಜಿ ಫ್ರೇಮಿಗೆ ಕೂರಿಸುತ್ತೇನೆ, ಸಡಿಲವಾದ ಸ್ಕ್ರೂ ಬಿಗಿಸುತ್ತೇನೆ, ಕನ್ನಡಕದ ಮೇಲೆ ಕೂತು ಬಂದವರಿಗೆ ಸಮಾಧಾನ ಹೇಳುತ್ತೇನೆ.

ಅಪ್ಪ ಪೋಸ್ಟ್‌ಮ್ಯಾನ್. ಆಗಿದ್ದರು ಅನ್ನಬೇಕು, ರಿಟೈರ್ ಆಗಿ ಎರಡು ವರ್ಷವಾಯಿತು. ಆದರೆ ಅವರ ಕಾಲುಗಳಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಮೂವತ್ತು ವರ್ಷ ಬೀದಿ ಬೀದಿ ಸುತ್ತಿ ಕಾಗದ ಹಂಚಿದ ಕಾಲುಗಳು. ಮೆಟ್ಟಿಲು ಕಂಡರೆ ಎರಡೆರಡು ಹತ್ತುತ್ತಾರೆ. ಬೇಲಿ ಕಂಡರೆ ಸಂದಿ ಹುಡುಕುತ್ತಾರೆ. ಗೊತ್ತೇ ಇಲ್ಲದ ಬಡಾವಣೆಗೆ ತಂದು ಬಿಟ್ಟರೂ ಹತ್ತು ನಿಮಿಷದಲ್ಲಿ ಅಡ್ಡದಾರಿ ಕಂಡುಹಿಡಿದಿರುತ್ತಾರೆ. ಅಮ್ಮನ ಜೊತೆ ಹೊರಗೆ ಹೊರಟಾಗಲೂ ಅಷ್ಟೇ. ಅಪ್ಪ ಮುಂದೆ, ಅಮ್ಮ ಹಿಂದೆ, ನಡುವೆ ಹತ್ತು ಮಾರು.

"ಮದುವೆ ಆದಾಗಿಂದ ನಿಮ್ಮಪ್ಪನ ಮುಖಕ್ಕಿಂತ ಬೆನ್ನನ್ನೇ ಜಾಸ್ತಿ ನೋಡಿದ್ದೀನಿ" ಅಂತ ಅಮ್ಮ ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಅಪ್ಪ ಅದನ್ನು ಹೊಗಳಿಕೆ ಅಂದುಕೊಂಡಿದ್ದರು.

ಅಮ್ಮ ಟೈಲರ್. ಹೋದ ವರ್ಷದ ಕೊನೆಗೆ ಅವಳಿಗೆ ಸ್ಟ್ರೋಕ್ ಆಯಿತು. ಜೀವ ಉಳಿಯಿತು, ಮಾತು ಉಳಿಯಿತು, ಜಗಳ ಆಡುವ ಶಕ್ತಿಯೂ ಉಳಿಯಿತು. ಎಡಗಾಲು ಮಾತ್ರ ಹೇಳಿದ ಮಾತು ಕೇಳುತ್ತಿರಲಿಲ್ಲ. ಹೊಲಿಗೆ ಯಂತ್ರದ ಪೆಡಲ್ ತುಳಿಯಲು ಆಗಲಿಲ್ಲ. ಯಂತ್ರದ ಮೇಲೆ ಒಂದು ಬೆಡ್‌ಶೀಟು ಮುಚ್ಚಿದಳು. ಆಮೇಲೆ ಆ ಮೂಲೆ ಕಡೆ ನೋಡುವುದನ್ನೇ ಬಿಟ್ಟಳು.

ಫಿಸಿಯೋ ಡಾಕ್ಟರಮ್ಮ ಸ್ಪಷ್ಟವಾಗಿ ಹೇಳಿದ್ದರು. "ವಾರಕ್ಕೆ ಮೂರು ದಿನ, ಆರು ತಿಂಗಳು ತಪ್ಪದೆ ಬನ್ನಿ. ಕಾಲು ಸುಧಾರಿಸೋ ಹೊತ್ತು ಇದು. ಈಗ ಬಿಟ್ಟುಬಿಟ್ಟರೆ ಆಮೇಲೆ ಅಷ್ಟು ಸುಲಭ ಅಲ್ಲ."

ಬರುವುದು ಹೇಗೆ? ಆಗ ನಾವಿದ್ದದ್ದು ನಗರದ ಅಂಚಿನಲ್ಲಿ. ಕ್ಲಿನಿಕ್ಕಿಗೆ ಎರಡು ಬಸ್ಸು, ನಡುವೆ ಕಾಯುವುದು, ನಿಂತುಕೊಂಡು ಪ್ರಯಾಣ. ಮೊದಲ ತಿಂಗಳಲ್ಲೇ ಅಮ್ಮ ಐದು ಸಲ ತಪ್ಪಿಸಿದಳು. ಒಂದು ದಿನ ಬಸ್ಸು ಹತ್ತಲು ಆಗದೆ ಸ್ಟಾಪಿನಿಂದಲೇ ವಾಪಸ್ ಬಂದು, "ಇವತ್ತು ಕ್ಲಿನಿಕ್ ರಜ" ಅಂತ ಸುಳ್ಳು ಹೇಳಿದಳು. ಅವತ್ತೇ ನಾವು ನಿರ್ಧಾರ ಮಾಡಿದೆವು. ಚಿಕ್ಕದಾದರೂ ಸರಿ, ಒಂದೇ ಬೆಡ್‌ರೂಮಾದರೂ ಸರಿ, ಮೆಟ್ರೊ ಪಕ್ಕದಲ್ಲಿ ಮನೆ ಮಾಡೋಣ. ನಾನು ಕೆಲಸ ಮಾಡುವ ನಿಲ್ದಾಣದಿಂದ ಕ್ಲಿನಿಕ್ಕಿಗೆ ನಾಲ್ಕೇ ಸ್ಟಾಪು. ರೈಲಿನಲ್ಲಿ ಸೀಟೂ ಸಿಗುತ್ತದೆ.

ನಾನು ಫೋನಿನಲ್ಲಿ ಹುಡುಕಿದೆ. ಒಂದು ಜಾಹೀರಾತು ಕಣ್ಣಿಗೆ ಬಿತ್ತು. ಒಂದು ಬೆಡ್‌ರೂಮು, ಒಳ್ಳೆ ಗಾಳಿ ಬೆಳಕು, ಮೆಟ್ರೊಗೆ ಐದು ನಿಮಿಷ. ಮರುದಿನ ಅಪ್ಪ ನೋಡಿಕೊಂಡು ಬಂದರು. ಬಂದವರು ಚಪ್ಪಲಿ ಬಿಡುವುದಕ್ಕೂ ಮುಂಚೆ ಶುರು ಮಾಡಿದರು.

"ಸಿಕ್ತು ಕಣೇ ಮನೆ! ಎರಡನೇ ಮಹಡಿ, ಲಿಫ್ಟ್ ಇದೆ, ಬಾಲ್ಕನಿ ಇದೆ. ಬೆಳಕು ಅಂದ್ರೆ ಬೆಳಕು! ಓನರ್ ಒಬ್ಬರು ಮೇಷ್ಟ್ರು, ಮಾತು ಎಷ್ಟು ಮೃದು ಗೊತ್ತಾ. ಕೆಳಗಡೆ ಹದಿನಾರು ಮನೆಗೆ ಹದಿನಾರು ಅಂಚೆಪೆಟ್ಟಿಗೆ. ಒಂದೊಂದಕ್ಕೂ ಹೆಸರು, ಒಂದೊಂದಕ್ಕೂ ಬೀಗ! ನನ್ನ ಸರ್ವೀಸಲ್ಲಿ ಇಂಥ ಕಟ್ಟಡ ಒಂದು ದಿನಾನೂ ನನ್ನ ಪಾಲಿಗೆ ಬರ್ಲಿಲ್ಲ."

"ನಾವೇನು ಅಂಚೆಪೆಟ್ಟಿಗೆ ಒಳಗೆ ಸಂಸಾರ ಮಾಡ್ತೀವಾ?" ಅಂದಳು ಅಮ್ಮ. "ಅಡುಗೆಮನೆ ಹೇಗಿದೆ ಹೇಳಿ."

"ಅಡುಗೆಮನೆ..." ಅಪ್ಪ ತಲೆ ಕೆರೆದುಕೊಂಡರು. "ಇತ್ತು."

"ಇತ್ತಂತೆ! ಕೇಳಿದ್ಯೇನೇ ನಿಮ್ಮಪ್ಪನ ಮಾತು?"

ನಾನು ಕೇಳಿದೆ, "ಅಪ್ಪಾ, ಐದು ನಿಮಿಷ ಅಂತ ಹಾಕಿದ್ದಾರಲ್ಲ, ನಿಜಾನಾ?"

ಅಪ್ಪ ಎದೆ ಉಬ್ಬಿಸಿದರು. "ನಾನೇ ವಾಚ್ ನೋಡ್ಕೊಂಡು ನಡೆದಿದ್ದೀನಿ. ಐದೂ ಇಲ್ಲ. ನಾಲ್ಕೂವರೆ!"

ಇನ್ನೇನು ಬೇಕು? ಮೇಷ್ಟರು ಶುಕ್ರವಾರ ಸಂಜೆ ಆರರವರೆಗೆ ನಮಗಾಗಿ ಮನೆ ಇಟ್ಟುಕೊಂಡಿರುತ್ತೇನೆ ಅಂದಿದ್ದರು. ಆಮೇಲೆ ಇನ್ನೊಂದು ಸಂಸಾರ ಕಾಯುತ್ತಿತ್ತು. ಬುಧವಾರ ಮಧ್ಯಾಹ್ನ ನಾನು ಅಂಗಡಿಯಲ್ಲಿ ಕೂತು, ಫೋನ್ ಕೈಯಲ್ಲಿ ಹಿಡಿದು, ಈಗಲೇ ಅಡ್ವಾನ್ಸ್ ಕಳಿಸಿಬಿಡಲಾ ಅಂತ ಯೋಚಿಸುತ್ತಿದ್ದೆ. ನಿಜ ಹೇಳುತ್ತೇನೆ, ನನಗೂ ಆಸೆ ಇತ್ತು. ನಾಲ್ಕೂವರೆ ನಿಮಿಷದಲ್ಲಿ ಕೆಲಸಕ್ಕೆ! ಬಾಲ್ಕನಿಯಲ್ಲಿ ಕುರ್ಚಿ!

ಅಷ್ಟರಲ್ಲಿ ಕೌಂಟರಕ್ಕ ಬಂದರು.

ಕೌಂಟರಕ್ಕ ಅಂದರೆ ನಿಲ್ದಾಣದ ಎರಡನೇ ಟಿಕೆಟ್ ಕಿಟಕಿಯಲ್ಲಿ ಕೂರುವವರು. ನಿಲ್ದಾಣ ತೆರೆದ ದಿನದಿಂದ ಅಲ್ಲೇ ಇದ್ದಾರೆ. ಅವರ ಕನ್ನಡಕದ ಬಲಗಡೆ ಕಡ್ಡಿ ತಿಂಗಳಿಗೊಮ್ಮೆ ಕಳಚುತ್ತದೆ, ಹಾಗೇ ನಮ್ಮ ಸ್ನೇಹ ಗಟ್ಟಿಯಾಗಿದೆ.

"ಏನೇ ಕನ್ನಡಕದ ಹುಡುಗಿ, ಮುಖ ಅಷ್ಟು ಹೊಳೀತಿದೆ? ಗಂಡು ಗೊತ್ತಾಯ್ತಾ?"

"ಅದಕ್ಕಿಂತ ಕಷ್ಟದ್ದು ಅಕ್ಕ. ಮನೆ ಸಿಕ್ತು. ಮೂರನೇ ಗೇಟಿನ ಕಡೆ. ಇಲ್ಲಿಂದ ಐದೇ ನಿಮಿಷ!"

ಅಕ್ಕ ಕಳಚಿದ ಕಡ್ಡಿಯನ್ನು ಟೇಬಲ್ ಮೇಲಿಟ್ಟು ಕೇಳಿದರು, "ಯಾರ ಕಾಲಿನ ಐದು ನಿಮಿಷ?"

ನನಗೆ ಅರ್ಥವಾಗಲಿಲ್ಲ. "ಯಾರ ಕಾಲು ಅಂದ್ರೆ? ಅಪ್ಪ ನಡೆದು ನೋಡಿದ್ರು."

"ಅಪ್ಪ ಏನು ಕೆಲಸ ಮಾಡ್ತಿದ್ರು?"

"ಪೋಸ್ಟ್‌ಮ್ಯಾನ್."

ಅಕ್ಕ ನಕ್ಕ ನಗುವಿಗೆ ಪಕ್ಕದ ಮೊಬೈಲ್ ಅಂಗಡಿಯವರು ಇಣುಕಿ ನೋಡಿದರು. "ಪೋಸ್ಟ್‌ಮ್ಯಾನ್ ಕಾಲಲ್ಲಿ ಅಳೆದ್ರೆ ಪಕ್ಕದೂರೂ ಐದೇ ನಿಮಿಷ ಕಣೇ! ಮನೆ ಮಾಡ್ತಿರೋದು ಯಾರಿಗೋಸ್ಕರ?"

"ಅಮ್ಮನಿಗೋಸ್ಕರ."

"ಅಮ್ಮ ಆ ದಾರಿ ನೋಡಿದಾರಾ?"

ನಾನು ಸ್ಕ್ರೂ ಹುಡುಕುವ ಹಾಗೆ ಮಾಡಿ ತಲೆ ಬಗ್ಗಿಸಿದೆ. ಅಮ್ಮನಿಗೆ ಸುಮ್ಮನೆ ಯಾಕೆ ತೊಂದರೆ ಅಂತ ನಾವು ಕರೆದುಕೊಂಡೇ ಹೋಗಿರಲಿಲ್ಲ.

"ಮೂರನೇ ಗೇಟಲ್ಲಿ ಲಿಫ್ಟ್ ಇಲ್ಲ, ಗೊತ್ತಾ?" ಅಂದರು ಅಕ್ಕ. "ಎಸ್ಕಲೇಟರ್ ಇದೆ, ಆದ್ರೆ ಅದು ಹತ್ತೋಕೆ ಮಾತ್ರ. ಇಳಿಯೋಕೆ ಮೆಟ್ಟಿಲೇ ಗತಿ. ಲಿಫ್ಟ್ ಇರೋದು ಒಂದನೇ ಗೇಟಲ್ಲಿ, ದೊಡ್ಡ ರಸ್ತೆಯ ಆ ಕಡೆ. ಅಲ್ಲಿ ಇಳಿದು, ರಸ್ತೆ ದಾಟಿ, ಪಾರ್ಕು ಸುತ್ತಿಕೊಂಡು ಹೋಗ್ಬೇಕು. ನಿಮ್ಮಪ್ಪ ಪಾರ್ಕು ಸುತ್ತಿರಲ್ಲ ಬಿಡು. ಬೇಲೀಲಿ ಒಂದು ಸಂದಿ ಇದೆ, ಅಲ್ಲೇ ನುಗ್ಗಿರ್ತಾರೆ."

ಎರಡು ವರ್ಷದಿಂದ ನಾನು ಕೆಲಸ ಮಾಡುತ್ತಿರುವುದು ಅದೇ ನಿಲ್ದಾಣದ ಕೆಳಗೆ. ಲಿಫ್ಟ್ ಎಲ್ಲಿದೆ ಅಂತ ನನಗೆ ಗೊತ್ತಿರಲಿಲ್ಲ! ಬೇಕಾಗಿಯೇ ಇರಲಿಲ್ಲ. ಓಡಿ ಬರುತ್ತೇನೆ, ಓಡಿ ಹೋಗುತ್ತೇನೆ.

ಅಕ್ಕ ಈಗ ನಗುತ್ತಿರಲಿಲ್ಲ. "ಕಿಟಕಿಯಿಂದ ದಿನಾ ನೋಡ್ತೀನಿ. ಮೆಟ್ರೊ ಹತ್ರ ಅಂತ ಹೊಸದಾಗಿ ಮನೆ ಮಾಡಿರ್ತಾರೆ. ಮೊದಲನೇ ವಾರ ಮನೆಯ ಅಜ್ಜಿ ಬರ್ತಾರೆ, ಚೆನ್ನಾಗಿ ಮಾತಾಡಿಸ್ತಾರೆ. ಎರಡನೇ ವಾರ ಒಂದು ಸಲ ಬರ್ತಾರೆ. ಮೂರನೇ ವಾರದಿಂದ ಕಾಣಲ್ಲ. ಮನೆ ಇಲ್ಲೇ ಪಕ್ಕದಲ್ಲೇ ಇರುತ್ತೆ. ಅಜ್ಜಿ ಮನೆಯಿಂದ ಈಚೆ ಬರಲ್ಲ, ಅಷ್ಟೇ."

ನಾನು ಸ್ಕ್ರೂಡ್ರೈವರ್ ಕೆಳಗಿಟ್ಟೆ. "ಹಾಗಾದ್ರೆ ಏನು ಮಾಡೋದು ಅಕ್ಕ?"

"ಏನಿಲ್ಲ. ನಡೆದು ನೋಡಿ. ಮನೆಯಿಂದ ಸ್ಟೇಷನ್ನಿಗೆ ಅಲ್ಲ, ಸ್ಟೇಷನ್ನಿಂದ ಮನೆಗೆ. ಹೋಗುವಾಗ ಎಲ್ಲರಿಗೂ ಹುಮ್ಮಸ್ಸಿರುತ್ತೆ. ಬರುವಾಗ್ಲೇ ಗೊತ್ತಾಗೋದು. ಅದೂ ಟ್ರೀಟ್‌ಮೆಂಟ್ ಮುಗಿಸ್ಕೊಂಡು ಅಮ್ಮ ಸುಸ್ತಾಗಿ ಬರೋ ದಿನಾನೇ ನಡೀರಿ, ಬರೋ ಹೊತ್ತಿಗೇ ನಡೀರಿ. ದಿನಾ ತರೋ ಬ್ಯಾಗು ಅವರ ಹೆಗಲಲ್ಲೇ ಇರ್ಲಿ. ಇನ್ನೊಂದು ಮಾತು, ಅಮ್ಮ ಮುಂದೆ ನಡೀಬೇಕು. ಯಾರೂ ಅವರನ್ನ ದಾಟಬಾರದು. ನಿಮ್ಮಪ್ಪಾನೂ."

"ಅಪ್ಪ ಹಿಂದೆ ನಡೆಯೋದಾ!"

"ಯಾಕೆ, ಹಿಂದೆ ನಡೆದ್ರೆ ಕಾಗದ ತಲುಪಲ್ವಾ?" ಕನ್ನಡಕ ಹಾಕಿಕೊಂಡು ಎದ್ದ ಅಕ್ಕ ಬಾಗಿಲಲ್ಲಿ ತಿರುಗಿದರು. "ಒಂದನೇ ಗೇಟಿನ ಕಡೆ, ಸೈಕಲ್ ಅಂಗಡಿ ಹಿಂದೆ ಒಂದು ಮನೆ ಖಾಲಿ ಇದೆ. ಒಂದೇ ಬೆಡ್‌ರೂಮು, ನೆಲಮಹಡಿ. ಚೆಂದ ಇಲ್ಲ, ಮೊದಲೇ ಹೇಳಿಬಿಡ್ತೀನಿ. ಬೇಕಾದ್ರೆ ಅದನ್ನೂ ಒಂದು ಸಲ ನಡೆದು ನೋಡಿ."

ಮನೆಗೆ ಹೋಗಿ ಹೇಳಿದೆ. ಅಪ್ಪನಿಗೆ ಕೋಪ ಬಂತು.

"ಟಿಕೆಟ್ ಹರಿಯೋರು ನನಗೆ ದೂರ ಹೇಳಿಕೊಡ್ತಾರಾ? ಮೂವತ್ತು ವರ್ಷ ನಡೆದಿದ್ದೀನಿ ನಾನು!"

"ನೀವು ನಡೆದಿದ್ದೀರಿ ರೀ" ಅಂದಳು ಅಮ್ಮ. "ಇನ್ಮೇಲೆ ದಿನಾ ನಡೀಬೇಕಾದವಳು ನಾನು ತಾನೆ? ಶುಕ್ರವಾರ ಹೇಗೂ ಕ್ಲಿನಿಕ್ಕಿಗೆ ಹೋಗ್ತೀವಿ. ಬರ್ತಾ ನೋಡ್ಕೊಂಡು ಬಂದ್ರೆ ಏನು ಗಂಟು ಹೋಗುತ್ತೆ?"

"ಹೋಗೋಣ ಹೋಗೋಣ. ನಾಲ್ಕೂವರೆ ನಿಮಿಷ. ನೋಡ್ತಾ ಇರಿ."

ಶುಕ್ರವಾರ ನಾನು ಅರ್ಧ ದಿನ ರಜೆ ಹಾಕಿದೆ. ಸಂಜೆ ಐದೂ ಹತ್ತಕ್ಕೆ ಅಪ್ಪ ಅಮ್ಮ ರೈಲಿನಿಂದ ಇಳಿದರು. ಫಿಸಿಯೋ ಮುಗಿಸಿ ಬಂದ ಅಮ್ಮನ ಮುಖ ಸೋತಿತ್ತು, ಆದರೂ ನನ್ನನ್ನು ಕಂಡು ನಕ್ಕಳು. ಅಪ್ಪ ಅಭ್ಯಾಸಬಲದಿಂದ ಸರಸರ ಮೂರನೇ ಗೇಟಿನ ಕಡೆ ಹೊರಟೇಬಿಟ್ಟರು. ಆಗ ಟಿಕೆಟ್ ಕಿಟಕಿಯ ಮೈಕಿನಿಂದ ಇಡೀ ನಿಲ್ದಾಣಕ್ಕೆ ಕೇಳುವಂತೆ ದನಿ ಬಂತು.

"ಪೋಸ್ಟ್‌ಮ್ಯಾನ್ ಅಣ್ಣಾ! ಹಿಂದೆ! ಹಿಂದೆ!"

ಅಪ್ಪನ ಜೊತೆ ಇನ್ನೂ ನಾಲ್ಕು ಜನ ಬೆಚ್ಚಿ ಹಿಂದೆ ಸರಿದರು.

ಒಂದನೇ ಗೇಟಿನ ಲಿಫ್ಟಿನಲ್ಲಿ ಇಳಿದೆವು. ಅಮ್ಮ ಮುಂದೆ, ಅಪ್ಪ ಹಿಂದೆ, ಅವರ ಪಕ್ಕದಲ್ಲಿ ನಾನು. ಅಯ್ಯೋ, ಅಪ್ಪನಿಗೆ ಹಿಂದೆ ನಡೆಯುವುದೇ ಬರುವುದಿಲ್ಲ! ಎರಡು ಹೆಜ್ಜೆ ಇಟ್ಟರೆ ಅಮ್ಮನ ಹಿಮ್ಮಡಿ ತುಳಿಯುತ್ತಾರೆ. ನಿಂತು, ಆಕಾಶ ನೋಡಿ, ಮತ್ತೆ ಎರಡು ಹೆಜ್ಜೆ.

"ಏನ್ರೀ, ಕುತ್ತಿಗೆ ಮೇಲೆ ಉಸಿರು ಬಿಡ್ತಿದ್ದೀರಾ! ಸ್ವಲ್ಪ ದೂರ ನಿಲ್ಲಿ."

"ದೂರಾನೇ ನಿಂತಿದ್ದೀನಿ ಮಾರಾಯ್ತಿ, ನೀನು ಮುಂದೆ ಹೋಗು."

"ಹೋಗ್ತಾ ಇರೋದು ಹೀಗೇನೇ!"

ಸಿಗ್ನಲ್ಲಿನಲ್ಲಿ ಹಸಿರು ದೀಪ ಬಂತು. ಅಮ್ಮ ಅರ್ಧ ರಸ್ತೆ ದಾಟುವಷ್ಟರಲ್ಲಿ ಕೆಂಪಾಯಿತು. ನಡುವಿನ ಡಿವೈಡರ್ ಮೇಲೆ ಮೂವರೂ ನಿಂತೆವು. ಎರಡೂ ಕಡೆ ಲಾರಿಗಳು ಹೋಗುತ್ತಿದ್ದವು. ಅಮ್ಮ ನನ್ನ ತೋಳು ಹಿಡಿದಳು. ಅಪ್ಪ ಮೊದಲ ಸಲ ವಾಚ್ ನೋಡುವುದನ್ನು ಬಿಟ್ಟು ಅಮ್ಮನನ್ನು ನೋಡಿದರು.

ಆ ಕಡೆ ಫುಟ್‌ಪಾತ್ ಹತ್ತಿದೆವು. ಹತ್ತಿದೆವು ಅಂದರೆ ನಿಜವಾಗಿಯೂ ಹತ್ತಬೇಕು, ಮೊಣಕಾಲು ಎತ್ತರ. ಔಷಧಿ ಅಂಗಡಿ ದಾಟಿದ ಮೇಲೆ ಪೈಪ್ ಹಾಕಲು ಅಗೆದಿದ್ದರು. ಅಗೆದ ಮಣ್ಣು ಫುಟ್‌ಪಾತಿನ ಉದ್ದಕ್ಕೂ ತೆಳ್ಳಗೆ ಹರಡಿತ್ತು. ಪಾರ್ಕಿನ ತಿರುವಿನಲ್ಲಿ ಸ್ವಲ್ಪ ಏರು. ಕೂರಲು ಒಂದು ಕಲ್ಲೂ ಇಲ್ಲ. ಬೆಂಚುಗಳೆಲ್ಲ ಬೇಲಿಯ ಒಳಗಿದ್ದವು. ಬೇಲಿಯ ಸಂದಿ ಬಂತು. ಅಪ್ಪನ ನಾಲ್ಕೂವರೆ ನಿಮಿಷದ ಗುಟ್ಟು ಅದೇ. ಅದರ ಕೆಳಗೆ ಚರಂಡಿ, ದಾಟಿ ಹಾರಬೇಕು. ಅಪ್ಪ ಅದರ ಕಡೆ ತಿರುಗಲೂ ಇಲ್ಲ. ಅಮ್ಮ ಮುಂದೆ ಮುಂದೆ ನಡೆಯುತ್ತಿದ್ದಳು. ಅಪ್ಪ ತಲೆ ತಗ್ಗಿಸಿಕೊಂಡು ಹಿಂದೆ ಬರುತ್ತಿದ್ದರು.

ಕೊನೆಗೂ ಮೇಷ್ಟರ ಕಟ್ಟಡ ಬಂತು. ಇಪ್ಪತ್ತೆಂಟು ನಿಮಿಷ.

ಆದರೂ ಎಂಥ ಚೆಂದದ ಕಟ್ಟಡ! ಸಂಜೆ ಬಿಸಿಲು ಬಾಲ್ಕನಿಗಳ ಮೇಲೆ ಬಿದ್ದಿತ್ತು. ಮೇಷ್ಟರು ಗೇಟಿಗೇ ಬಂದು ಅಮ್ಮನಿಗೆ ಕುರ್ಚಿ ಹಾಕಿ ನೀರು ಕೊಟ್ಟರು. ಅಮ್ಮ ನೀರು ಕುಡಿದು, ಬೆವರು ಒರೆಸಿಕೊಂಡು, ಮುಖದ ತುಂಬ ನಗು ತಂದುಕೊಂಡಳು.

"ಬಂದೇಬಿಟ್ವಲ್ಲ! ಏನೂ ಆಗಲಿಲ್ಲ. ನನಗೆ ಆಗುತ್ತೆ. ಮನೆ ಎಷ್ಟು ಚೆನ್ನಾಗಿದೆ ನೋಡು, ನಿಮ್ಮಪ್ಪನಿಗೂ ಇಷ್ಟ, ನಿನಗೂ ಇಷ್ಟ. ಕೊಟ್ಟುಬಿಡಿ ಅಡ್ವಾನ್ಸು."

ನಾನು ಮುಚ್ಚಿಡುವುದಿಲ್ಲ. ಆ ಮಾತು ಕೇಳಿ ನನಗೆ ಖುಷಿಯಾಯಿತು. ಅಮ್ಮನೇ ಆಗುತ್ತೆ ಅಂದಳಲ್ಲ! ಅಭ್ಯಾಸವಾದರೆ ಇಪ್ಪತ್ತೆಂಟು ಇಪ್ಪತ್ತಾಗುತ್ತದೆ ಅಂತ ನನಗೆ ನಾನೇ ಹೇಳಿಕೊಂಡು ಫೋನ್ ಹೊರಗೆ ತೆಗೆದೆ. ಆರು ಗಂಟೆಗೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಕೊನೆಯ ಸಲ ಅಪ್ಪನನ್ನು ಕೇಳೋಣ ಅಂತ ತಿರುಗಿದರೆ ಅಪ್ಪ ಇಲ್ಲ.

ಅವರು ಪಾರ್ಕಿನ ತಿರುವಿನಲ್ಲಿ ಫುಟ್‌ಪಾತಿನ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದರು. ಏನೋ ಬಿದ್ದುಹೋಗಿದೆ ಅಂತ ಓಡಿದೆ.

"ಏನಾಯ್ತಪ್ಪಾ? ಏನು ಹುಡುಕ್ತಿದ್ದೀರಾ?"

"ಇಲ್ಲಿ ನೋಡು ಮಗಳೇ."

ಮಣ್ಣಿನ ಮೇಲೆ ಅಮ್ಮನ ಹೆಜ್ಜೆಗಳಿದ್ದವು. ಬಲ ಚಪ್ಪಲಿಯ ಗುರುತು ಅಚ್ಚು ಒತ್ತಿದ ಹಾಗಿತ್ತು. ಎಡ ಚಪ್ಪಲಿಯದು ಗುರುತೇ ಅಲ್ಲ, ಗೀರು.

"ಔಷಧಿ ಅಂಗಡಿ ಹತ್ರ ಗೀರು ಇಷ್ಟೇ ಇತ್ತು" ಅಂತ ಅಪ್ಪ ಎರಡು ಬೆರಳು ತೋರಿಸಿದರು. "ಅಲ್ಲಿಂದ ಉದ್ದ ಆಗ್ತಾ ಬಂತು. ನಾನು ಹಿಂದಿನಿಂದ ನೋಡ್ಕೊಂಡೇ ಬಂದೆ. ಈ ತಿರುವಿಂದ ಆಚೆಗೆ ನೋಡು, ಗೀರು ಎಲ್ಲೂ ಕಡಿದೇ ಇಲ್ಲ. ಕಾಲು ಎತ್ತೇ ಇಲ್ಲ ಅವಳು. ಗೇಟಿನ ತನಕ ಎಳ್ಕೊಂಡು ಹೋಗಿದ್ದಾಳೆ."

ಅಪ್ಪ ಅಂಗೈಯಿಂದ ಆ ಗೀರನ್ನು ಒಂದು ಸಲ ಸವರಿದರು. "ಇಷ್ಟು ವರ್ಷ ನಾನು ಮುಂದೆ ಮುಂದೆ ಹೋದೆ. ಹಿಂದೆ ಏನಾಗ್ತಿತ್ತೋ..."

ಮಾತು ಮುಗಿಸದೆ ಎದ್ದು ಅಂಗೈಯ ಮಣ್ಣು ಕೊಡವಿಕೊಂಡರು. ನಾನು ಫೋನ್ ಚೀಲಕ್ಕೆ ಹಾಕಿದೆ.

ಅಪ್ಪ ನೇರವಾಗಿ ಮೇಷ್ಟರ ಹತ್ತಿರ ಹೋಗಿ ಕೈ ಮುಗಿದರು. "ಮೇಷ್ಟ್ರೇ, ಮನೇಲಿ ಒಂದೇ ಒಂದು ದೋಷ ಇಲ್ಲ. ದಾರಿ ನನ್ನ ಹೆಂಡತಿ ಕಾಲಿಗೆ ಆಗಲ್ಲ. ನಮಗೋಸ್ಕರ ಕಾದಿರಿ, ತಪ್ಪು ತಿಳ್ಕೋಬೇಡಿ."

"ಮನೆ ಬೇಡ ಅಂತ ಇಷ್ಟು ಮರ್ಯಾದೆಯಾಗಿ ಈವರೆಗೆ ಯಾರೂ ಹೇಳಿಲ್ಲ" ಅಂದರು ಮೇಷ್ಟರು. "ಫೋನ್ ಎತ್ತೋದನ್ನೇ ಬಿಟ್ಟುಬಿಡ್ತಾರೆ. ಹೋಗಿಬನ್ನಿ, ಅಮ್ಮಾವ್ರ ಕಾಲು ಬೇಗ ಸರಿಹೋಗ್ಲಿ."

ಅಮ್ಮನಿಗೆ ಮಾತ್ರ ಸಿಟ್ಟು. ಆಟೋದಲ್ಲಿ ಕೂತ ಮೇಲೂ ಬೈಗುಳ ನಿಲ್ಲಲಿಲ್ಲ. "ಆಗುತ್ತೆ ಅಂದ್ನಲ್ಲ ನಾನು! ನನ್ನ ಕಾಲಿನ ವಿಷಯ ನನಗಿಂತ ನಿಮಗೆ ಜಾಸ್ತಿ ಗೊತ್ತಾ? ಎಂಥ ಬೆಳಕು, ಎಂಥ ಬಾಲ್ಕನಿ! ನಿಮ್ಮ ಹದಿನಾರು ಪೆಟ್ಟಿಗೆ!"

"ನೀನು ಅಂದೆ ಕಣೇ" ಅಂದರು ಅಪ್ಪ. "ನಿನ್ನ ಚಪ್ಪಲಿ ಒಪ್ಪಲಿಲ್ಲ."

ಅಮ್ಮ ಬಗ್ಗಿ ತನ್ನ ಎಡ ಚಪ್ಪಲಿ ನೋಡಿದಳು. ತುದಿ ಸವೆದು ಮಣ್ಣು ಮೆತ್ತಿತ್ತು. ಅದನ್ನು ಸೆರಗಿನ ತುದಿಯಲ್ಲಿ ಒರೆಸಿದ ಹಾಗೆ ಮಾಡಿ ಕಣ್ಣು ಒರೆಸಿಕೊಂಡಳು. ಆಮೇಲೆ ಬೈಯಲಿಲ್ಲ.

ಸೋಮವಾರ, ಕ್ಲಿನಿಕ್ ಮುಗಿಸಿ ಬರುವ ಅದೇ ಹೊತ್ತಿಗೆ, ಅಕ್ಕ ಹೇಳಿದ ಇನ್ನೊಂದು ಮನೆಗೆ ನಡೆದೆವು. ಅಮ್ಮ ಮುಂದೆ. ಲಿಫ್ಟಿನಿಂದ ಹೊರಬಂದು ಎಡಕ್ಕೆ, ಬಸ್‌ಸ್ಟಾಪು ದಾಟಿ, ಸೈಕಲ್ ಅಂಗಡಿಯ ಪಕ್ಕದ ಓಣಿ. ರಸ್ತೆ ದಾಟುವುದಿಲ್ಲ. ದಾರಿಯ ನಡುವೆ ಬಸ್‌ಸ್ಟಾಪಿನ ಬೆಂಚಿದೆ. ಅಮ್ಮ ಅಲ್ಲಿ ಕೂತು, ಬ್ಯಾಗು ಸರಿಮಾಡಿಕೊಂಡು, ಎದ್ದಳು. ಕೂತದ್ದೂ ಸೇರಿ ಆರು ನಿಮಿಷ.

ಆದರೆ ಮನೆ! ಅಪ್ಪ ಒಳಗೆ ಕಾಲಿಟ್ಟು ಪಿಸುಗುಟ್ಟಿದರು. "ಇದು ಮನೆಯೋ ಪಾರ್ಸೆಲ್ ರೂಮೋ?"

ಓನರು ಸೈಕಲ್ ಅಂಗಡಿಯಮ್ಮ. ಕೈಯಲ್ಲಿ ಗ್ರೀಸು, ಬಾಯಲ್ಲಿ ನೇರ ಮಾತು. "ಪಾರ್ಸೆಲ್ ರೂಮೇ ಆಗಿತ್ತು ಅಣ್ಣಾ, ನಾನೇ ಮನೆ ಮಾಡಿಸಿದ್ದು. ಬೆಳಿಗ್ಗೆ ಬಸ್ಸುಗಳು ಗುರ್ ಅಂತವೆ. ಬೆಡ್‌ರೂಮಿಗೆ ಹಗಲೂ ಲೈಟು ಬೇಕು. ಆಮೇಲೆ ನೀವು ಹೇಳಲಿಲ್ಲ ಅನ್ನಬಾರದು. ನೀರು ಮಾತ್ರ ಯಾವತ್ತೂ ನಿಂತಿಲ್ಲ, ಬೇಕಾದ್ರೆ ಹಿಂದೆ ಇದ್ದವರಿಗೆ ಫೋನ್ ಹಚ್ಚಿ ಕೇಳಿ, ನಂಬರ್ ಕೊಡ್ತೀನಿ."

ನಾವು ಫೋನ್ ಮಾಡಿ ಕೇಳಿಯೇಬಿಟ್ಟೆವು, ಅವರೂ ಅದನ್ನೇ ಹೇಳಿದರು. ಅಷ್ಟು ಹೊತ್ತಿಗೆ ಅಮ್ಮ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ಒಲೆಯ ಕಟ್ಟೆಯ ಎತ್ತರಕ್ಕೆ ಕೈ ಇಟ್ಟು ನೋಡಿ, ಮುಂಬಾಗಿಲಿನ ಹತ್ತಿರ ಬಂದು ನಿಂತಿದ್ದಳು. ಅಲ್ಲಿ, ಕಿಟಕಿಯ ಪಕ್ಕದಲ್ಲಿ, ನೆಲದ ಮೇಲೆ ಒಂದು ಚೌಕ ಬೆಳಕು ಬಿದ್ದಿತ್ತು.

"ಯಂತ್ರ ಇಲ್ಲಿ ಇಡಬಹುದು" ಅಂದಳು.

ಸ್ಟ್ರೋಕ್ ಆದ ಮೇಲೆ ಅಮ್ಮನ ಬಾಯಲ್ಲಿ ಯಂತ್ರದ ಮಾತು ಬಂದದ್ದು ಅದೇ ಮೊದಲು. ಅಪ್ಪ ನನ್ನ ಮುಖ ನೋಡಿದರು. ನಾನು ಅಪ್ಪನ ಮುಖ ನೋಡಿದೆ. ಆಗಲೇ ಆ ಮನೆ ನಮ್ಮದಾಯಿತು. ಕರಾರು ಪತ್ರವನ್ನು ಮಾತ್ರ ಅಪ್ಪ ರಿಜಿಸ್ಟರ್ಡ್ ಪೋಸ್ಟಿನ ರಸೀದಿ ಓದುವ ಹಾಗೆ ಸಾಲು ಸಾಲು ಓದಿಸಿ, ಒಂದು ಪ್ರತಿ ನಾವು ಇಟ್ಟುಕೊಂಡ ಮೇಲೆಯೇ ಅಡ್ವಾನ್ಸ್ ಕೊಟ್ಟರು.

ಈಗ ಐದು ತಿಂಗಳಾಯಿತು. ಅಮ್ಮ ಒಂದೇ ಒಂದು ಸಲವೂ ಫಿಸಿಯೋ ತಪ್ಪಿಸಿಲ್ಲ. ಮೂರನೇ ತಿಂಗಳಿನಿಂದ ಒಬ್ಬಳೇ ಹೋಗಿ ಒಬ್ಬಳೇ ಬರುತ್ತಾಳೆ. ಬರುವಾಗ ಬಸ್‌ಸ್ಟಾಪಿನ ಬೆಂಚಿನಲ್ಲಿ ಕೂರುತ್ತಾಳೆ. ಸುಸ್ತಿಗೆ ಅಲ್ಲ, ಅಲ್ಲಿ ಅವಳಿಗೆ ಗೆಳತಿಯರಿದ್ದಾರೆ. ಮನೆಯಲ್ಲಿ ಹಗಲೂ ಲೈಟು ಉರಿಯುತ್ತದೆ, ಬೆಳಿಗ್ಗೆ ಬಸ್ಸು ಗುರ್ ಅನ್ನುತ್ತದೆ, ಅಪ್ಪ ಬಾಗಿಲಿಗೆ ತಾವೇ ಒಂದು ಅಂಚೆಪೆಟ್ಟಿಗೆ ಮಾಡಿ ಹೊಡೆದು ಬೀಗ ಹಾಕಿದ್ದಾರೆ. ಒಳಗೆ ಕರೆಂಟ್ ಬಿಲ್ಲು ಬಿಟ್ಟು ಬೇರೇನೂ ಬರುವುದಿಲ್ಲ. ಆದರೂ ದಿನಾ ತೆಗೆದು ನೋಡುತ್ತಾರೆ. ಇಬ್ಬರೂ ಹೊರಗೆ ಹೊರಟರೆ ಈಗ ಅಪ್ಪನೇ ಹಿಂದೆ. ಅಮ್ಮನ ದೂರು ಮಾತ್ರ ನಿಂತಿಲ್ಲ. "ಈಗ ಬೆನ್ನೂ ಕಾಣಿಸಲ್ಲ ನಿಮ್ಮಪ್ಪಂದು!"

ಹೋದ ತಿಂಗಳು ಒಂದು ಮಧ್ಯಾಹ್ನ ಊಟಕ್ಕೆ ಮನೆಗೆ ಬಂದರೆ ಓಣಿಯ ತುದಿಗೇ ಸದ್ದು ಕೇಳಿಸಿತು. ಟಕ ಟಕ ಟಕ. ನಿಂತಿತು. ಮತ್ತೆ ಟಕ ಟಕ. ನಾನು ಬಾಗಿಲ ಹೊರಗೇ ನಿಂತುಬಿಟ್ಟೆ. ಒಳಗೆ ಹೋದರೆ ಅಮ್ಮ ನಿಲ್ಲಿಸಿಬಿಟ್ಟಾಳು ಅನ್ನಿಸಿತು.

ಅವಳು ಹೊಲಿದದ್ದು ಒಂದು ಕನ್ನಡಕದ ಚೀಲ. ಯಾರಿಗೆ ಅಂತ ಹೇಳಬೇಕಾ?

ಚೀಲದ ಜೊತೆ ಅಪ್ಪನದೊಂದು ಕಾಗದವೂ ಹೋಯಿತು. ಜೀವಮಾನವಿಡೀ ಊರಿನವರ ಕಾಗದ ಹಂಚಿದ ಮನುಷ್ಯ, ತಾವೇ ಬರೆದ ಕಾಗದ ನಾನು ನೋಡಿದ್ದು ಅದೊಂದೇ. ಟಿಕೆಟ್ ಕಿಟಕಿಯ ಸಂದಿಯಲ್ಲಿ ತೂರಿಸಿ, ಉತ್ತರಕ್ಕೂ ಕಾಯದೆ ಬಂದುಬಿಟ್ಟರಂತೆ. ಅಕ್ಕ ನನಗೆ ತೋರಿಸಿದರು. ಮೇಲೆ ಪೂರ್ತಿ ವಿಳಾಸ, ನಿಲ್ದಾಣ, ಎರಡನೇ ಕಿಟಕಿ, ಎಲ್ಲ ಇತ್ತು. ಒಳಗೆ ಇದ್ದದ್ದು ಇಷ್ಟೇ:

"ತಂಗಿ ಕೌಂಟರಕ್ಕನವರಿಗೆ, ನೀವು ನನ್ನ ಮಗಳನ್ನು ಒಂದು ಪ್ರಶ್ನೆ ಕೇಳಿದ್ದಿರಿ. ಉತ್ತರ ತಡವಾಯಿತು, ಕ್ಷಮಿಸಿ. ನನ್ನ ಹೆಂಡತಿಯ ಕಾಲಿನ ಆರು ನಿಮಿಷ. ಈಗ ನಾಲ್ಕು. ನಿಮ್ಮ ಋಣ ದೊಡ್ಡದು."

ಅಕ್ಕ ಕನ್ನಡಕ ತೆಗೆದರು. ಕಡ್ಡಿ ಕಳಚಿದೆ ಅಂದರು. ಕಳಚಿರಲಿಲ್ಲ.

ಅದಕ್ಕೇ ಅಕ್ಕನೂ ಸೇರಿ ನಾವು ನಾಲ್ಕು ಜನ ಈ ಕಾಗದ ಹಂಚುತ್ತಿದ್ದೇವೆ. ಮೆಟ್ರೊ ಹತ್ತಿರ, ಬಸ್‌ಸ್ಟಾಪು ಹತ್ತಿರ ಅಂತ ಯಾರು ಹೇಳಿದರೂ, ಹೇಳಿದವರು ಒಳ್ಳೆಯವರೇ ಆಗಿದ್ದರೂ, ಅಡ್ವಾನ್ಸ್ ಕೊಡುವ ಮೊದಲು ಒಂದು ಸಲ ನಡೆಯಿರಿ. ನಿಲ್ದಾಣದಿಂದ ಮನೆಗೆ ನಡೆಯಿರಿ. ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ನಿಧಾನ ಯಾರೋ, ಅವರನ್ನು ಮುಂದೆ ಬಿಟ್ಟು ನಡೆಯಿರಿ. ಬಸುರಿ ಅಕ್ಕ ಇರಬಹುದು, ಮಂಡಿ ನೋವಿನ ಅತ್ತೆ ಇರಬಹುದು, ಪುಟ್ಟ ಮಗು ಇರಬಹುದು. ಲಿಫ್ಟ್ ಯಾವ ಗೇಟಿನಲ್ಲಿದೆ ಅಂತ ಕಿಟಕಿಯಲ್ಲಿ ಕೇಳಿ. ಕೇಳಿದರೆ ಹೇಳುತ್ತಾರೆ, ಖುಷಿಯ ಮೂಡಿನಲ್ಲಿದ್ದರೆ ಒಂದು ಖಾಲಿ ಮನೆಯನ್ನೂ ತೋರಿಸುತ್ತಾರೆ. ಹಿಂದೆ ನಡೆಯುವವರು ವಾಚ್ ಬಿಟ್ಟು ನೆಲ ನೋಡಿ.

ಈಗ ನೀವು ಹೇಳಿ. ಅವತ್ತು ಸಂಜೆ ಆರಕ್ಕೆ ಇಪ್ಪತ್ತು ನಿಮಿಷವಿತ್ತು. ಫೋನ್ ಕೈಯಲ್ಲಿತ್ತು, ಬಾಲ್ಕನಿ ಕಣ್ಣೆದುರಿಗಿತ್ತು. ಅಮ್ಮ ನಗುನಗುತ್ತಾ ಆಗುತ್ತೆ ಅಂದಳು, ಅವಳ ಚಪ್ಪಲಿ ಆಗಲ್ಲ ಅಂದಿತು. ನಾನಂತೂ ಅಮ್ಮನ ಮಾತಿಗೇ ಖುಷಿಪಟ್ಟಿದ್ದೆ. ನೀವಾಗಿದ್ದರೆ ಯಾರ ಮಾತು ಕೇಳುತ್ತಿದ್ದಿರಿ?